ಮೊದಲ ಬಕೆಟ್ಟು

ಮಾವನ ಹಲ್ಲು ಕಟಕಟ ಅನ್ನತೊಡಗಿದಾಗ ಮನೆಯವರೆಲ್ಲ ಬೈದದ್ದು ಸೊಸೆಯನ್ನು. ಬೈಯಲು ಕಾರಣವೂ ಇತ್ತು ಅನ್ನಿ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಮಾವನ ಬಾಯಿಗೆ ಹೊಸ ಸೆಟ್ಟು ಕೂರಿಸಿದ್ದು ಅದೇ ಕ್ಲಿನಿಕ್ಕು, ಅಳತೆ ತೆಗೆಯುವಾಗ ಮಾವನ ದವಡೆ ಹಿಡಿದುಕೊಂಡು ನಿಂತಿದ್ದವಳು ಅವಳೇ. ಈಗ ಚಳಿಗಾಲ ಕಾಲಿಟ್ಟ ಮೇಲೆ, ದಿನಾ ಬೆಳಿಗ್ಗೆ ಮಾವ ಸ್ನಾನ ಮುಗಿಸಿ ಹೊರಗೆ ಬಂದರೆ ಸಾಕು, ಅವರ ಬಾಯೊಳಗೆ ಯಾರೋ ಕೂತು ಟೈಪು ಹೊಡೆಯುತ್ತಿರುವ ಹಾಗೆ ಸದ್ದು.

"ನಿಮ್ಮ ಡಾಕ್ಟ್ರು ಸಡಿಲ ಸೆಟ್ಟು ಕೊಟ್ಟು ಕೈ ತೊಳ್ಕೊಂಡಿದಾರೆ," ಅಂದರು ಅತ್ತೆ. "ಇವರು ಮೊದಲೇ ಬಾಯಿ ಮುಚ್ಚೋರಲ್ಲ. ಈಗ ಸುಮ್ನಿದ್ರೂ ಸದ್ದು."

ಮಾವ ಮಾತ್ರ ಟವೆಲನ್ನು ಕಿವಿಯವರೆಗೂ ಸುತ್ತಿಕೊಂಡು, ದಿನಾ ಹೇಳುವ ಮಾತನ್ನೇ ಹೇಳಿದರು: "ಕು-ಕು-ಕುದಿಯೋ ನೀರು! ಅಬ್ಬಾ, ಸೂರ್ಯ ಅಂದ್ರೆ ಸೂರ್ಯ!"

ಈ ಸೂರ್ಯನ ಕಥೆ ಸ್ವಲ್ಪ ಹೇಳಬೇಕು. ಹಳೆಯ ಗೀಸರು ಒಂದು ದಿನ ಢಬ್ ಎಂದು ಪ್ರಾಣ ಬಿಟ್ಟಾಗ ಮನೆ ಎರಡು ಪಕ್ಷವಾಗಿತ್ತು. ಒಂದು ಕಡೆ ಸೊಸೆಯ ಗಂಡ. ಅವನು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಮಾರಾಟಗಾರ. ಬೇಸಿಗೆಯಲ್ಲೂ ಗಿರಾಕಿಗಳಿಗೆ ಗೀಸರು ಹೊರಿಸಿ ಕಳಿಸುವಷ್ಟು ಬಾಯಿ ಇದ್ದವನು. ಆ ಬಾಯಿಗೆ ಮೆಚ್ಚಿ ಅಂಗಡಿಯ ಯಜಮಾನರು ಅವನಿಗೊಂದು ಹೊಸ ಗೀಸರನ್ನೇ ಬಹುಮಾನ ಕೊಟ್ಟಿದ್ದರು. ಜೀವನದಲ್ಲಿ ಅವನಿಗೆ ಬಂದ ಮೊದಲ ಬಹುಮಾನ. ಶಾಲೆಯಲ್ಲಿ ಓಟಕ್ಕೆ ನಿಂತಾಗ ಸಮಾಧಾನಕರ ಬಹುಮಾನವೂ ಪಡೆದವನಲ್ಲ. ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರೆ ಬಾಗಿಲಲ್ಲೇ ಮಾವ ಅಡ್ಡ ನಿಂತರು.

ಮಾವ ನೀರಿನ ಇಲಾಖೆಯಲ್ಲಿ ವಾಲ್ವ್‌ಮನ್ ಆಗಿ ನಿವೃತ್ತರಾದವರು. ಊರಿಗೆ ನೀರು ಬಿಡುವುದು, ನಿಲ್ಲಿಸುವುದು ಅವರ ಕೈಯಲ್ಲಿತ್ತು. ತೊಟ್ಟಿಕ್ಕುವ ನಲ್ಲಿ ಕಂಡರೆ ಪರಿಚಯವಿಲ್ಲದವರ ಅಂಗಳಕ್ಕೂ ನುಗ್ಗಿ ತಿರುಗಿಸಿ ಬರುವ ಆಸಾಮಿ. ಇಲಾಖೆ ಮನೆಗೆ ಕಳಿಸಿದ ಮೇಲೆ ತಿರುಗಿಸಲು ವಾಲ್ವು ಇಲ್ಲದೆ ಅವರ ಕಣ್ಣು ಕರೆಂಟಿನ ಮೇಲೆ ಬಿತ್ತು. ಹಳೆಯ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿದರು. ಕಿಟಕಿಯ ಸಂದುಗಳಿಗೆ ಹಳೆ ಬನಿಯನ್ ತುರುಕಿದರು. ಫ್ರಿಜ್ಜಿನ ಬಾಗಿಲು ತೆರೆದು ಏನು ಬೇಕೆಂದು ಯೋಚಿಸುತ್ತ ನಿಲ್ಲುವುದು ಆ ಮನೆಯಲ್ಲಿ ಅಪರಾಧವಾಯಿತು; ಯೋಚನೆ ಹೊರಗೆ ಮುಗಿಸಿ ಒಳಗೆ ಕೈ ಹಾಕಬೇಕು. ಸೊಸೆ ತಲೆಗೆ ಶಾಂಪೂ ಹಾಕಿಕೊಂಡು ಕಣ್ಣು ಮುಚ್ಚಿದ್ದಾಗ, "ಕಣ್ಣು ಮುಚ್ಚಿರೋರಿಗೆ ಲೈಟ್ ಯಾಕಮ್ಮಾ?" ಎಂದು ಹೊರಗಿನಿಂದ ದೀಪ ಆರಿಸಿದ ಮಹಾನುಭಾವರು ಅವರು.

"ನೀರು ಕಾಯಿಸೋಕೆ ಕರೆಂಟಾ?" ಅಂದರು ಮಾವ, ಗೀಸರಿನ ಪೆಟ್ಟಿಗೆಯನ್ನು ಹಾವು ನೋಡಿದಂತೆ ನೋಡುತ್ತ. "ಮೇಲೆ ಅಷ್ಟು ದೊಡ್ಡ ಒಲೆ ಪುಕ್ಕಟೆ ಉರೀತಿದೆ. ಸೋಲಾರ್ ಹಾಕಿಸ್ತೀನಿ."

"ಪುಕ್ಕಟೆ ಒಲೆಗೆ ಮೋಡ ಬಂದ್ರೆ?"

"ನಿನ್ನ ಗೀಸರಿಗೆ ಕರೆಂಟ್ ಹೋದ್ರೆ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಅಪ್ಪ ಮಗ ಇಬ್ಬರೂ ಒಂದು ಪಂಥಕ್ಕೆ ಬಂದರು. ಸೋಲಾರ್ ಹಾಕಲಿ. ಆದರೆ ಮೋಡವಿಲ್ಲದ ದಿನ ಮನೆಯಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ದಿನ, ತಣ್ಣೀರಲ್ಲಿ ಸ್ನಾನ ಮಾಡಬೇಕಾಗಿ ಬಂದರೆ ಅವತ್ತೇ ಗೀಸರು ಗೋಡೆ ಏರಬೇಕು.

"ಅವತ್ತು ನಾನೇ ಮೇಲೆ ಹತ್ತಿ ಸೋಲಾರ್ ಕಿತ್ತು ನಿನ್ನ ಕೈಗೆ ಕೊಡ್ತೀನಿ," ಅಂದರು ಮಾವ. "ಆಮೇಲೆ ಈ ಮನೇಲಿ ಯಾವ ಸ್ವಿಚ್ಚಿಗೂ ಕೈ ಹಾಕಲ್ಲ. ಎಲ್ಲಾ ನಿಂದೇ ರಾಜ್ಯ."

ಗೀಸರು ಮಂಚದ ಕೆಳಗೆ ಹೋಯಿತು. ಗಂಡ ದಿನಾ ಅದರ ಧೂಳು ಒರೆಸಿ, ಇವತ್ತೋ ನಾಳೆಯೋ ಎಂದು ಕಾದ.

ಪೈಪು ಎಳೆಸಿದ್ದು ಮಾವನೇ. ಸೋಲಾರ್ ಕಂಪನಿಯ ಹುಡುಗರು ಗೋಡೆಗೊಂದು ತೂತು ಕೊರೆದು ನೇರ ಬಚ್ಚಲಿಗೆ ಇಳಿಸುತ್ತೇವೆ ಅಂದರು. "ನಲವತ್ತು ವರ್ಷ ಪೈಪಿನ ಜೊತೆ ಸಂಸಾರ ಮಾಡಿದೀನಿ, ನನಗೆ ಹೇಳಿಕೊಡ್ತೀರಾ?" ಎಂದು ಗದರಿಸಿ, ಗೋಡೆ ಕೆಡದ ಹಾಗೆ ಪೈಪನ್ನು ಹೊರಗಡೆಯಿಂದ, ಇಡೀ ಮನೆಗೆ ಒಂದು ಸುತ್ತು ಹಾಕಿಸಿ ತಂದರು. ಸಣ್ಣ ಪೈಪು ಕಂಡರೆ ಅವರಿಗೆ ತಾತ್ಸಾರ. ಹಾಗಾಗಿ ಬೀದಿಗೆ ನೀರು ಬಿಡಬಹುದಾದಂಥ ದಪ್ಪ ಪೈಪು.

ಸ್ನಾನಕ್ಕೂ ಕಾನೂನು ಮಾಡಿದರು. ಒಬ್ಬರಿಗೆ ಒಂದೇ ಬಕೆಟ್ಟು. ಮೊದಲು ಮನೆಗೆ ಹಿರಿಯರಾದ ಮಾವ, ಆಮೇಲೆ ಬೇಗ ಕ್ಲಿನಿಕ್ಕಿಗೆ ಹೋಗಬೇಕಾದ ಸೊಸೆ, ಆಮೇಲೆ ಗಂಡ. ಅತ್ತೆ ಅಡುಗೆಮನೆ ಕೆಲಸ ಮುಗಿಸಿ ಕೊನೆಯಲ್ಲಿ, ನಿಧಾನವಾಗಿ. ಸೊಸೆಗೆ ನಲ್ಲಿ ತಿರುಗಿಸಿದ ತಕ್ಷಣ ಹಬೆಯಾಡುವ ನೀರು ಬರುತ್ತಿತ್ತು. ತಣ್ಣೀರು ಬೆರೆಸದೆ ಮುಟ್ಟುವ ಹಾಗಿರಲಿಲ್ಲ. ದಿನವಿಡೀ ಬೇರೆಯವರ ಬಾಯೊಳಗೆ ಇಣುಕುವವಳಿಗೆ ಆ ಒಂದು ಬಕೆಟ್ಟು ಬಿಸಿನೀರೇ ಸ್ವರ್ಗ. ಮಾವನ ಬಗ್ಗೆ ಅವಳಿಗೆ ಒಳಗೊಳಗೇ ಗೌರವ ಹುಟ್ಟಿತ್ತು, ದೀಪ ಆರಿಸಿದ್ದನ್ನು ಬಿಟ್ಟು.

ಈಗ ಈ ಕಟಕಟ. ಸೊಸೆ ಒಂದು ಸಂಜೆ ಮಾವನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರು ಸೆಟ್ಟನ್ನು ಎಳೆದರು, ಅಲ್ಲಾಡಿಸಿದರು, ಮಾವನಿಂದ ಬಿಸ್ಕೆಟ್ಟು ಕಡಿಸಿದರು, ಊರಿನ ನೀರಿನ ವ್ಯವಸ್ಥೆ ಕೆಟ್ಟುಹೋದ ಕುರಿತು ಭಾಷಣ ಮಾಡಿಸಿದರು. ಒಂದು ಸದ್ದಿಲ್ಲ. ಕಲ್ಲಲ್ಲಿ ಕೆತ್ತಿದ ಹಾಗೆ ಕೂತಿತ್ತು ಸೆಟ್ಟು.

"ಇದಕ್ಕಿಂತ ಬಿಗಿ ಮಾಡಿದ್ರೆ ಬಾಯಿ ತೆರೆಯೋಕೇ ಆಗಲ್ಲ," ಅಂದರು ಡಾಕ್ಟರು. ಮಾವ ಆಚೆ ಹೋದ ಮೇಲೆ ಅವಳ ಕಡೆ ತಿರುಗಿ, "ಅಲ್ಲಾಡ್ತಿರೋದು ಸೆಟ್ಟಲ್ಲಮ್ಮಾ. ಮನುಷ್ಯರೇ ಅಲ್ಲಾಡ್ತಿರಬೇಕು. ಮನೇಲಿ ಏನು ತೊಂದರೆ ಕೊಡ್ತಿದೀರಿ ಅವರಿಗೆ?" ಎಂದು ನಕ್ಕರು.

ಸೊಸೆಗೆ ನಗು ಬರಲಿಲ್ಲ. ಮಾವನಿಗೆ ಕೆಮ್ಮು ಬೇರೆ ಹತ್ತಿತ್ತು. ಸ್ನಾನ ಮಾಡಿ ಬಂದವರ ಕೈ ಒಮ್ಮೆ ಅವಳ ಕೈಗೆ ತಾಗಿದಾಗ ಫ್ರಿಜ್ಜಿನಿಂದ ತೆಗೆದ ತರಕಾರಿ ಮುಟ್ಟಿದಂತಾಗಿತ್ತು. ಕುದಿಯುವ ನೀರಲ್ಲಿ ಮಿಂದವರ ಕೈ ಹಾಗಿರುತ್ತದೆಯೇ? ವಯಸ್ಸು ಎಂದುಕೊಂಡು ಸುಮ್ಮನಾಗಿದ್ದಳು.

ಉತ್ತರ ಸಿಕ್ಕಿದ್ದು ಮಾವ ತಂಗಿಯ ಮನೆಗೆ ಹೋಗಿ ಒಂದು ದಿನ ಉಳಿದಾಗ. ಅವತ್ತು ಮೊದಲ ಸ್ನಾನ ಸೊಸೆಯದು. ಬಿಸಿನೀರಿನ ನಲ್ಲಿ ತಿರುಗಿಸಿ ಕೈಯೊಡ್ಡಿದಳು. ತಣ್ಣಗೆ. ಬಕೆಟ್ಟು ಅರ್ಧವಾದರೂ ತಣ್ಣಗೆ. ಮುಕ್ಕಾಲಾದರೂ ಮಂಜುಗಡ್ಡೆಯ ತಮ್ಮನಂಥ ನೀರು. ಸೋಲಾರ್ ಕೆಟ್ಟಿತು, ಮಾವನ ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಬಕೆಟ್ಟು ತುಂಬಿ ತುಳುಕಿತು, ತುಳುಕಿದ ಕೊನೆಯ ನೀರು ಬೆರಳನ್ನು ಚುರ್ರೆನಿಸಿತು. ಎರಡನೆಯ ಬಕೆಟ್ಟು ಇಟ್ಟಳು. ಹಬೆಯಾಡುವ ನೀರು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಮೇಲಿನ ಟ್ಯಾಂಕಿನಲ್ಲಿ ನೀರು ಬಿಸಿಯಾಗಿಯೇ ಇದೆ. ಆದರೆ ಮನೆ ಸುತ್ತಿ ಬರುವ ಆ ದಪ್ಪ ಪೈಪಿನ ಹೊಟ್ಟೆಯಲ್ಲಿ ರಾತ್ರಿಯೆಲ್ಲ ನಿಂತು ಆರಿದ ನೀರು ಸರಿಯಾಗಿ ಒಂದು ಬಕೆಟ್ಟು. ಅದು ಹೊರಗೆ ಬಂದ ಮೇಲೆಯೇ ಬಿಸಿನೀರಿನ ಸವಾರಿ. ಆ ಮೊದಲ ಬಕೆಟ್ಟು ದಿನಾ ಮಾವನ ತಲೆಯ ಮೇಲೆ! ಬೇರೆ ಯಾರಾದರೂ ಆಗಿದ್ದರೆ ಅದನ್ನು ಬಚ್ಚಲಿಗೆ ಚೆಲ್ಲಿ ಬಿಸಿ ಬರುವವರೆಗೆ ಕಾಯುತ್ತಿದ್ದರು. ಮಾವ ನೀರು ಚೆಲ್ಲುವುದಕ್ಕಿಂತ ಪ್ರಾಣ ಚೆಲ್ಲುವವರು. ಎರಡನೆಯ ಬಕೆಟ್ಟು ಹಿಡಿಯೋಣವೆಂದರೆ ಕಾನೂನು ಅವರದೇ. ಹೊರಗೆ ಬಂದು ಹೇಳೋಣವೆಂದರೆ ಪಂಥ ಸೋತಂತೆ, ಜೊತೆಗೆ ಪೈಪು ಸುತ್ತಿಸಿದ್ದೂ ತಾವೇ ಎಂದು ಒಪ್ಪಿಕೊಂಡಂತೆ. ಹಾಗಾಗಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು, ಆ ಮೊಲವನ್ನು ದಿನಾ ಬೆಳಿಗ್ಗೆ ತಣ್ಣೀರಲ್ಲಿ ಮೀಯಿಸುತ್ತ ಬಂದಿದ್ದಾರೆ.

ಮೊದಲು ಅವಳಿಗೆ ನಗು ಬಂತು, ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕಳು. ಎರಡನೆಯ ಬಕೆಟ್ಟಿನ ಹಬೆ ಕಂಡು ನಗು ನಿಂತಿತು. ತನ್ನ ಸ್ವರ್ಗ ಬಂದದ್ದು ಎಲ್ಲಿಂದ ಎಂದು ಅವತ್ತು ತಿಳಿಯಿತು.

ಆದರೆ ತಿಳಿದು ಮಾಡುವುದೇನು? ಗಂಡನಿಗೆ ಹೇಳಿದರೆ ಮಂಚದ ಕೆಳಗಿನ ಪೆಟ್ಟಿಗೆ ಮರುಗಳಿಗೆಯಲ್ಲೇ ಗೋಡೆ ಏರುತ್ತದೆ, ಮಾವನ ಮೂಗು ಮಗನ ಮುಂದೆ ನೆಲಕ್ಕೆ ಬೀಳುತ್ತದೆ. ಸ್ವಿಚ್ಚಿಗೂ ಕೈ ಹಾಕದೆ ಮೂಲೆಯಲ್ಲಿ ಕೂತ ಮಾವನನ್ನು ಊಹಿಸಿಕೊಳ್ಳಲೂ ಅವಳಿಗೆ ಆಗಲಿಲ್ಲ. ಹೇಳದಿದ್ದರೆ ಈ ಚಳಿಯಲ್ಲಿ ಕೆಮ್ಮು ಎದೆಗಿಳಿದು ಮನುಷ್ಯನೇ ಹಾಸಿಗೆ ಹಿಡಿಯಬಹುದು. ಅತ್ತ ದರಿ, ಇತ್ತ ಪುಲಿ.

ಮಾವ ಮರಳಿ ಬಂದ ಮೇಲೆ ಒಮ್ಮೆ ಉಪಾಯವಾಗಿ ಕೇಳಿ ನೋಡಿದಳು. "ಮಾವ, ಮೊದಲು ಬರೋ ನೀರು ಸ್ವಲ್ಪ ತಣ್ಣಗಿರುತ್ತಾ?"

"ಯಾರು ಹೇಳಿದ್ದು?" ಮಾವನ ಹುಬ್ಬು ತಲೆಗೂದಲು ಮುಟ್ಟಿತು. "ಮೊದಲ ನೀರೇ ಎಲ್ಲಕ್ಕಿಂತ ಬಿಸಿ. ನಿಮಗೆ ಬರೋದು ಅದರ ಎಂಜಲು."

ಜಟ್ಟಿ ಬಿದ್ದದ್ದಷ್ಟೇ ಅಲ್ಲ, ದಿನಾ ಬೀಳುತ್ತಿದ್ದರೂ ಮೀಸೆಗೆ ಮಣ್ಣು ಹತ್ತಿಲ್ಲ. ಸೊಸೆ ತೀರ್ಮಾನಿಸಿಬಿಟ್ಟಳು. ಮಾತಿನಿಂದ ಆಗದ್ದು ಬಕೆಟ್ಟಿನಿಂದ ಆಗಲಿ. ಮರುದಿನ ಮಾವ ಹಾಸಿಗೆಯಲ್ಲಿ ಕೆಮ್ಮುತ್ತಿರುವಾಗಲೇ ಎದ್ದು, ಬೆಕ್ಕಿನ ಹೆಜ್ಜೆಯಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲ ತಂಬಿಗೆ ಬೆನ್ನಿಗೆ ಬಿದ್ದಾಗ ಅವಳ ಬಾಯಿಂದ ಗಂಡನ ಮನೆಯವರು ಯಾರೂ ಕೇಳಬಾರದ ಒಂದು ಪದ ಬಂತು. ಅವಳೂ ಒಂದೇ ಬಕೆಟ್ಟಿನಲ್ಲಿ ಮುಗಿಸಿದಳು. ಚೆಲ್ಲಲು ಅವಳಿಗೂ ಯಾಕೋ ಕೈ ಬರಲಿಲ್ಲ. ಹೊರಗೆ ಬಂದಾಗ ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ನೀನ್ಯಾಕಮ್ಮಾ ಮೊದಲು ಹೋದೆ?"

"ಇವತ್ತು ಕ್ಲಿನಿಕ್ಕಿಗೆ ಬೇಗ ಹೋಗ್ಬೇಕು ಮಾವ."

"ನೀರು…" ಮಾವ ತಡವರಿಸಿದರು. "ನೀರು ಹೇಗಿತ್ತು?"

"ಕುದೀತಿತ್ತು," ಅಂದಳು ಸೊಸೆ, ಹಲ್ಲು ಕಚ್ಚಿಕೊಂಡು. ಕಚ್ಚಿಕೊಳ್ಳದಿದ್ದರೆ ಹಲ್ಲೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಮಾವ ಅವಳನ್ನು ಅನುಮಾನದಿಂದ ನೋಡುತ್ತ ಒಳಗೆ ಹೋದರು. ತಂಬಿಗೆ ತುಂಬಿದ ಸದ್ದಾಯಿತು. ಪಾಪ, ಅಭ್ಯಾಸಬಲ. ಇಷ್ಟು ದಿನ ತಣ್ಣೀರಿನ ನಲ್ಲಿಯನ್ನು ಮುಟ್ಟಿಯೇ ಗೊತ್ತಿಲ್ಲದ ಮನುಷ್ಯ. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಇಡೀ ತಂಬಿಗೆಯನ್ನು ಒಮ್ಮೆಗೇ ಬೆನ್ನಿಗೆ ಸುರಿದುಕೊಂಡಿರಬೇಕು.

"ಅಯ್ಯಯ್ಯೋ ಸತ್ತೇ! ಸುಟ್ಟೋಯ್ತು! ಬಿಸಿ! ಬಿಸಿನೀರು ಬರ್ತಿದೆ!"

ಅತ್ತೆ ಕೈಯಲ್ಲಿ ಸೌಟು ಹಿಡಿದು ಓಡಿ ಬಂದರು. ಗಂಡ ಹಾಸಿಗೆಯಿಂದ ಹಾರಿ ಬಂದ. ಬಾಗಿಲು ತೆರೆದು, ಟವೆಲ್ ಸುತ್ತಿಕೊಂಡು, ಬೆನ್ನು ಕೆಂಪಗೆ ಮಾಡಿಕೊಂಡು ಮಾವ ನಿಂತಿದ್ದರು. ಸದ್ಯ, ಬೊಬ್ಬೆಯೇನೂ ಎದ್ದಿರಲಿಲ್ಲ. ಎದ್ದಿದ್ದು ಮರ್ಯಾದೆಯ ಪ್ರಶ್ನೆ ಮಾತ್ರ.

"ಏನಾಯ್ತಪ್ಪ?"

"ನೀರು… ಬಿಸಿ ಕಣೋ."

"ದಿನಾ ಬಿಸಿನೇ ಅಲ್ವಾ?" ಗಂಡ ಕಣ್ಣುಜ್ಜಿಕೊಂಡ. "ದಿನಾ ಕುದಿಯೋ ನೀರು ಅಂತಿದ್ರಿ. ಇವತ್ತೇನು ಹೊಸದಾಗಿ ಕಂಡ ಹಾಗೆ ಕೂಗ್ತೀರಿ?"

ಮಾವ ಇಂಗು ತಿಂದ ಮಂಗನ ಹಾಗೆ ನಿಂತರು. ಆ ನಿಶ್ಶಬ್ದದಲ್ಲಿ ಒಂದು ಸದ್ದು ಕೇಳಿಸಿತು. ಕಟಕಟ, ಕಟಕಟ. ಅತ್ತೆ ಮಾವನ ಬಾಯಿ ನೋಡಿದರು. ಅದು ಮುಚ್ಚಿತ್ತು. ಎಲ್ಲರೂ ತಿರುಗಿದರೆ, ಗೋಡೆಗೊರಗಿ ನಿಂತ ಸೊಸೆ. ತುಟಿ ನೀಲಿ. ಅವಳ ಬಾಯಲ್ಲಿದ್ದುದು ಸ್ವಂತ ಹಲ್ಲು. ಸಡಿಲ ಅನ್ನುವ ಹಾಗೂ ಇರಲಿಲ್ಲ.

ಗಂಡ ಗಿರಾಕಿಗಳ ಮುಖ ನೋಡಿ ಮನಸ್ಸು ಓದುವವನು. ಹೆಂಡತಿಯ ತುಟಿ ನೋಡಿದ, ಅಪ್ಪನ ಕೆಂಪು ಬೆನ್ನು ನೋಡಿದ, ಕಿಟಕಿಯಾಚೆ ಮನೆ ಸುತ್ತಿ ಬರುತ್ತಿದ್ದ ಪೈಪು ನೋಡಿದ. ಅವನ ಮುಖದಲ್ಲಿ ಒಂದೊಂದೇ ವಿಷಯ ಜಾಗ ಹಿಡಿಯುತ್ತಿರುವುದು ಸೊಸೆಗೆ ಕಾಣಿಸಿತು. ಇವತ್ತು ಅವನು ಗೆದ್ದ ಹಾಗೆ. ಒಂದು ಮಾತು ಆಡಿದರೆ ಸಾಕು, ಬಹುಮಾನ ಗೋಡೆ ಏರುತ್ತದೆ. ಮಾವ ನೆಲ ನೋಡುತ್ತಿದ್ದರು.

"ನಿನಗೆ ನೀರು ಹೇಗಿತ್ತು?" ಗಂಡ ಅವಳನ್ನು ಕೇಳಿದ.

"ಕು-ಕು-ಕುದಿಯೋ ನೀರು," ಅಂದಳು.

ಗಂಡ ಇನ್ನೊಮ್ಮೆ ಕಿಟಕಿಯಾಚೆಯ ಪೈಪಿನ ಕಡೆ ನೋಡಿದ. ಆಮೇಲೆ, "ಹೌದು," ಅಂದ. "ಜಾಸ್ತಿ ಬಿಸಿನೀರು ಬಿದ್ರೆ ಕೆಲವರಿಗೆ ಹಾಗೆ ನಡುಕ ಬರುತ್ತೆ. ಗಿರಾಕಿಗಳೂ ಹೇಳ್ತಿರ್ತಾರೆ." ಅಷ್ಟು ಹಸಿ ಸುಳ್ಳನ್ನು ಅವನು ಅಂಗಡಿಯಲ್ಲೂ ಹೇಳಿರಲಿಕ್ಕಿಲ್ಲ. ಗಂಡನ ಮೇಲೆ ಸೊಸೆಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮನೆಯವರು ಒಂದನ್ನಾದರೂ ಸುಲಭವಾಗಿ ಮುಗಿಸಿದ್ದು ಯಾವಾಗ? ಮರುದಿನ ಸೊಸೆ ಇನ್ನೂ ಬೇಗ ಎದ್ದು ಹೋದರೆ ಬಚ್ಚಲ ಬಾಗಿಲು ಹಾಕಿತ್ತು. ಒಳಗಿನಿಂದ ಗಂಡನ ಹಾಡು, ಪ್ರತಿ ಸಾಲಿನ ಮಧ್ಯೆ ಒಂದು "ಅಮ್ಮಾ!" ಹೊರಗೆ ಬಂದವನು ಚಳಿಗೆ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು, "ಎಂಥಾ ಬಿಸಿ ಗೊತ್ತಾ!" ಅಂದ. ಅದರ ಮರುದಿನ, ತಮ್ಮ ಜಾಗಕ್ಕೆ ಕುತ್ತು ಬಂದದ್ದು ತಿಳಿದ ಮಾವ ಕೋಳಿ ಕೂಗುವ ಮೊದಲೇ ಒಳಗೆ ಸೇರಿಕೊಂಡಿದ್ದರು. ಬಿಸಿನೀರಿಗಾಗಿ ಜಗಳವಾಡುವ ಮನೆಗಳುಂಟು. ತಣ್ಣೀರಿಗಾಗಿ ನಿದ್ದೆಗೆಟ್ಟು ಓಡುವ ಮನೆ ಅದೊಂದೇ ಇರಬೇಕು.

ಇನ್ನೊಂದು ಬೆಳಗ್ಗೆ ಮೂವರೂ ಏಕಕಾಲಕ್ಕೆ ಬಚ್ಚಲ ಬಾಗಿಲಲ್ಲಿ, ಹೆಗಲ ಮೇಲೆ ಟವೆಲ್ಲಿನೊಂದಿಗೆ, ಮುಖಾಮುಖಿಯಾದರು.

"ನಾನು ಮೊದಲು. ನನಗೆ ಕ್ಲಿನಿಕ್ಕು," ಅಂದಳು ಸೊಸೆ.

"ನಾನು. ಅಂಗಡಿ ಬಾಗಿಲು ತೆಗೀಬೇಕು," ಅಂದ ಗಂಡ.

"ಇಬ್ಬರೂ ಸರೀರಿ ಆಚೆ." ಮಾವ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅವರ ದನಿ ಇಳಿದಿತ್ತು. "ಮೊದಲ ಬಕೆಟ್ಟು ನಂದು. ಮನೆಗೆ ಹಿರಿಯ ನಾನು. ಯಾರಾದ್ರೂ ತಗೊಳ್ಳಲೇಬೇಕಾದ್ದನ್ನ ಹಿರಿಯರಾದೋರು ತಗೋಬೇಕು."

ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ. ಗಂಡ ಬೇರೆ ಕಡೆ ತಿರುಗಿ ಮೂಗೊರೆಸಿಕೊಂಡ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದರು. ಈ ಓಡಾಟದಿಂದ ನಾಲ್ಕು ದಿನದಿಂದ ಅವರ ನಿದ್ದೆ ಕೆಟ್ಟಿತ್ತು. ಮೂವರನ್ನೂ ಮೊಣಕೈಯಿಂದ ತಳ್ಳಿ ಒಳಗೆ ಹೋಗಿ ನಲ್ಲಿ ತಿರುಗಿಸಿದರು, ಕೆಳಗೆ ಬೆರಳಿಟ್ಟರು, ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಒಂದು ಕ್ಷಣ ನಿಂತರು. ಆಮೇಲೆ ಬಕೆಟ್ಟು ತುಂಬುವವರೆಗೆ ಕಾದು, ಅದನ್ನು ಪಕ್ಕಕ್ಕೆ ಎಳೆದು, ಸೋಪಿನ ಪುಡಿ ಸುರಿದು, ಮೂಲೆಯಲ್ಲಿ ಬಿದ್ದಿದ್ದ ಕೊಳೆ ಬಟ್ಟೆಗಳನ್ನೆಲ್ಲ ಅದರಲ್ಲಿ ಅದ್ದಿದರು.

"ಒಬ್ಬರು ಊರಿಗೇ ನೀರು ಕುಡಿಸಿದೋರು," ಅಂದರು ಅತ್ತೆ, ಬಟ್ಟೆ ಅದುಮುತ್ತ. "ಒಬ್ಬ ಗೀಸರ್ ಮಾರೋ ಗಂಡುಗಲಿ. ಇನ್ನೊಬ್ಬಳು ಡಾಕ್ಟ್ರ ಬಲಗೈ. ಈ ನೀರಲ್ಲಿ ಬಟ್ಟೆ ನೆನೆಹಾಕಬಹುದು ಅಂತ ಮೂವರಲ್ಲಿ ಒಬ್ಬರ ಮಂಡೆಗೂ ಹೊಳೀಲಿಲ್ವಾ? ತ್ಯಾಗ ಮಾಡೋಕೆ ಸಾಲಲ್ಲಿ ನಿಂತಿದಾರೆ, ಕತ್ತೆಗಳು!"

ಒಂದು ಹನಿ ಚೆಲ್ಲಿರಲಿಲ್ಲ, ಹಾಗಾಗಿ ಮಾವನಿಗೂ ಆಕ್ಷೇಪಿಸಲು ಏನೂ ಉಳಿದಿರಲಿಲ್ಲ.

"ಈಗ ಹೋಗಿ," ಎಂದು ಅತ್ತೆ ಮಾವನಿಗೆ ಬಾಗಿಲು ತೋರಿಸಿದರು. "ಹಿರಿಯರಲ್ವಾ? ತಣ್ಣೀರು ಬೆರೆಸ್ಕೊಳ್ಳಿ, ಮೊನ್ನೆ ಥರ ಕಿರುಚಬೇಡಿ."

ಮಾವ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು, ತಂಬಿಗೆಯ ಸದ್ದು ನಿಧಾನವಾಗಿ ಕೇಳುತ್ತಿತ್ತು. ಒಂದೇ ಬಕೆಟ್ಟನ್ನು ಅಷ್ಟು ಹೊತ್ತು ಹೇಗೆ ಹೊಯ್ದುಕೊಂಡರೋ. ಗಂಡ ಹೋಗಿ ಮಂಚದ ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿ ಬಂದ. "ಮೋಡದ ದಿನ ಬರುತ್ತೆ ಬಿಡು, ಅವತ್ತು ನೋಡ್ಕೋತೀನಿ," ಅಂದ. ಆದರೆ ಧೂಳು ಒರೆಸಲಿಲ್ಲ.

ಕೊನೆಗೂ ಮಾವ ಬಂದರು. ಕೆನ್ನೆಗೆ ಬಣ್ಣ ಬಂದಿತ್ತು, ಕೈ ಬೆಚ್ಚಗಿತ್ತು. ಸೊಸೆ ಒದ್ದೆ ಟವೆಲ್ ಇಸಿದುಕೊಳ್ಳುವ ನೆಪದಲ್ಲಿ ಮುಟ್ಟಿ ನೋಡಿದಳು. ಸೂರ್ಯನ ಬಗ್ಗೆ, ನೀರಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಕುರ್ಚಿಯ ಮೇಲೆ ಕೂತು, ಬಾಯಿಯನ್ನು ಒಮ್ಮೆ ತೆರೆದು ಮುಚ್ಚಿ, ಕಿವಿಗೊಟ್ಟು ಕೇಳಿದರು. ಸದ್ದಿಲ್ಲ.

"ನೋಡಮ್ಮಾ," ಅಂದರು ಸೊಸೆಗೆ, ಗಂಭೀರವಾಗಿ. "ನಿಮ್ಮ ಡಾಕ್ಟ್ರಿಗೆ ಹೇಳು. ಸೆಟ್ಟು ಈಗ ಸರಿಯಾಗಿ ಕೂತಿದೆ."

"ಹೇಳ್ತೀನಿ ಮಾವ," ಅಂದಳು ಸೊಸೆ.